ಹೇಳಿದ ದಿನಕ್ಕೇ ಸಿದ್ಧ

ಹೇಳಿದ ದಿನಕ್ಕೇ ಪ್ಯಾಂಟು ಸಿದ್ಧವಾಗಿದೆ ಎಂದು ಕೇಳಿ ಡ್ರಾಯಿಂಗ್ ಮೇಷ್ಟ್ರು ಅಂಗಡಿಯ ಮೆಟ್ಟಿಲ ಮೇಲೇ ನಿಂತುಬಿಟ್ಟರು.

“ಇದು ನಿನ್ನ ಅಂಗಡೀನೇ ತಾನೆ?”

“ನಂದೇ ಮೇಷ್ಟ್ರೇ. ಸೊಸೆ ಕೈಗೆ ಬಂದು ಮೂರು ತಿಂಗಳಾಯ್ತು,” ಎಂದ ಟೈಲರ್, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ.

ಸೊಸೆ ಬಂದವಳೇ ಎಲ್ಲವನ್ನೂ ಒಂದು ಹದಕ್ಕೆ ತಂದಿದ್ದಳು. ಮೊದಲಾದರೆ ಅರ್ಧ ಹೊಲಿದ ಬಟ್ಟೆಗಳ ಗುಡ್ಡೆಯಲ್ಲಿ ಅಳತೆಯ ಟೇಪು ಹುಡುಕುವುದರಲ್ಲೇ ಟೈಲರ್‌ಗೆ ಬೆಳಿಗ್ಗೆ ಕಳೆದುಹೋಗುತ್ತಿತ್ತು. ಚೀಟಿ ಯಾರದೋ, ಬಟ್ಟೆ ಯಾರದೋ. ಈಗ ಪ್ರತಿ ಬಟ್ಟೆಗೂ ನಂಬರು, ನಂಬರಿಗೊಂದು ತಾರೀಕು. ಗಿರಾಕಿ ಬಂದ, ತಗೊಂಡ, ಹೋದ. ಎಲ್ಲರೂ ಹೊಗಳುವವರೇ. ಟೈಲರ್‌ಗೂ ಹೆಮ್ಮೆಯೇ, ಸುಳ್ಳು ಹೇಳಬಾರದು.

ಆದರೆ ಮೇಷ್ಟ್ರ ವಿಷಯ ಬೇರೆ. ನಿವೃತ್ತಿ ಸಮಾರಂಭಕ್ಕೆಂದು ಅವರು ಮೊದಲ ಸಲ ಕೊಟ್ಟಿದ್ದ ಪ್ಯಾಂಟು ಕೈಸೇರಿದ್ದು ಏಳು ತಿಂಗಳ ನಂತರ. ಅಷ್ಟೂ ದಿನ ಸಂಜೆ ಬಂದು ಬಾಯ್ತುಂಬ ಬೈದು, ಬೈದು ಸುಸ್ತಾಗಿ ಕೂತು, ಟೀ ತರಿಸಿ, ಊರ ಉಸಾಬರಿಯನ್ನೆಲ್ಲ ಮಾತಾಡಿ ಹೋಗುತ್ತಿದ್ದರು. ಬೈಗುಳದಲ್ಲಿ ಶುರುವಾದ ಸ್ನೇಹಕ್ಕೆ ಈಗ ಹದಿನೈದು ವರ್ಷ. ಒಂದು ಬಟ್ಟೆ ಕೈಗೆ ಬರುವಷ್ಟರಲ್ಲಿ ಇನ್ನೊಂದು ತಂದು ಹಾಕುತ್ತಿದ್ದರು. ಕೆಲಸವಿಲ್ಲದೆ ಇನ್ನೊಬ್ಬರ ಹೊಸ್ತಿಲು ತುಳಿಯುವ ಜಾಯಮಾನ ಅವರದಲ್ಲ.

ಮೇಷ್ಟ್ರು ಒಳಗೆ ಬಂದು ಇಸ್ತ್ರಿ ಮಾಡಿಟ್ಟ ಪ್ಯಾಂಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೈಯಲು ಏನೂ ಸಿಗಲಿಲ್ಲ.

“ಚೆನ್ನಾಗಿದೆ ಕಣಯ್ಯ. ಹಾಗಾದ್ರೆ ಇನ್ನು ಈ ಕಡೆ ನನಗೇನು ಕೆಲಸ? ಇರೋ ಬಟ್ಟೆನೇ ನಾನು ಹೋಗೋ ತನಕ ಸಾಕು.”

ಕೂತು ಟೀ ಕುಡಿದು ಹೋಗಿ ಎಂಬ ಮಾತು ಟೈಲರ್‌ನ ನಾಲಿಗೆ ತುದಿಗೆ ಬಂತು. ಆದರೆ ಮೇಷ್ಟ್ರ ಹಿಂದೆಯೇ ಮೂವರು ಗಿರಾಕಿಗಳು ಚೀಟಿ ಹಿಡಿದು ನಿಂತಿದ್ದರು. ಅವನು ಪ್ಯಾಂಟನ್ನು ಕಾಗದದಲ್ಲಿ ಸುತ್ತತೊಡಗಿದ.

ಸೊಸೆ ಮೆಷಿನ್ ನಿಲ್ಲಿಸಿದಳು. ಮಾವನ ಮುಖ ನೋಡಿದಳು, ಮೇಷ್ಟ್ರ ಮುಖ ನೋಡಿದಳು. ಎದ್ದು ಬಂದು ಪ್ಯಾಂಟನ್ನು ಕಸಿದುಕೊಂಡು, ಕಾಲಿನ ಮಡಿಕೆಗೆ ಕತ್ತರಿಯ ತುದಿ ತೂರಿಸಿ ಹೊಲಿಗೆಯನ್ನು ಪರ್ರನೆ ಬಿಚ್ಚಿದಳು.

“ಮಡಿಕೆ ಸೊಟ್ಟಗಿತ್ತು ಮೇಷ್ಟ್ರೇ. ಮತ್ತೆ ಹೊಲೀಬೇಕು. ಯಾವಾಗ ಆಗುತ್ತೋ ಹೇಳೋಕಾಗಲ್ಲ. ದಿನಾ ಬಂದು ವಿಚಾರಿಸ್ಕೊಂಡು ಹೋಗ್ತಿರಿ.”