ಅಪ್ಪನನ್ನು ಹಿಡಿದವಳು

"ಅಮ್ಮಾ, ಮಗಳ ಕೈಯಲ್ಲಿರೋ ಫೋಟೊ ಕತ್ತರಿಸಿಬಿಡ್ಲಾ?" ತುರ್ಬತ್ ಪೇಟೆಯ ಸ್ಟುಡಿಯೊದಲ್ಲಿ ಪೀರ್‌ಜಾನ್ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದ. ಪರದೆಯ ಮೇಲೆ, ಎದುರು ನಿಂತಿದ್ದ ಮಹ್‌ಗಂಜಳ ಹಿರಿಮಗಳು ದುರ್ನಾಜ್ ಇದ್ದಳು. ಸಮವಸ್ತ್ರದವರು ಎತ್ತಿಕೊಂಡು ಹೋಗಿ ಸುಳಿವೇ ಕೊಡದ ಅಪ್ಪನ ಫೋಟೊ ಹಿಡಿದು ಹನ್ನೊಂದು ವರ್ಷ ಧರಣಿ ಕೂತವಳು. ಮೊನ್ನೆ ಅವಳನ್ನೂ ಧರಣಿಯಿಂದಲೇ ಎಳೆದೊಯ್ದಿದ್ದರು. ಈಗ ಅವಳದೇ ಪೋಸ್ಟರ್ ಆಗಬೇಕಿತ್ತು. ಮಹ್‌ಗಂಜ್ ತಂದ ಏಳು ಫೋಟೊಗಳಲ್ಲೂ ಅವಳ ಕೈಯಲ್ಲಿ ಅಪ್ಪನೇ.

"ಬೇರೆ ಯಾವ್ದೂ ಇಲ್ವಾ? ಮದುವೆ ಮನೇದು, ಈದ್‌ದು?"

"ಯಾವ ಮದುವೆಗೆ ಹೋಗಿದ್ಲಪ್ಪಾ ಅವಳು? ಈದ್ ದಿನಾನೂ ರಸ್ತೇಲೇ ಕೂತಿರ್ತಿದ್ಲು. ಕತ್ತರಿಸ್ಬೇಡ. ಅಪ್ಪ ಮಗಳು ಒಟ್ಟಿಗೇ ಇರ್ಲಿ."

ಪ್ರಿಂಟರಿನಿಂದ ಬಂದ ಬೆಚ್ಚನೆಯ ಹಾಳೆಯನ್ನು ಕಿರಿಮಗಳು ಗ್ರಾನಾಜ್ ತೆಗೆದುಕೊಂಡಳು. ಯಾರೂ ಹೇಳಿಕೊಡದೆಯೇ, ಅಕ್ಕ ಹಿಡಿಯುತ್ತಿದ್ದ ಹಾಗೆ, ಎರಡೂ ಕೈಯಲ್ಲಿ ಎದೆಯ ಮುಂದೆ ಎತ್ತಿ ಹಿಡಿದಳು. ಮಹ್‌ಗಂಜ್ ಅವಳನ್ನೇ ನೋಡುತ್ತ ನಿಂತಳು. ಆಮೇಲೆ ಹಾಳೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಯ ಮೇಲಿನ ಚಾದರ ಸರಿಮಾಡಿದಳು.

"ಪೀರ್‌ಜಾನ್, ಇವಳದ್ದೂ ಒಂದು ತೆಗೆದಿಟ್ಟಿರಪ್ಪಾ," ಎಂದಳು. "ಕೈಯಲ್ಲಿ ಯಾರೂ ಇಲ್ಲದ್ದು."