ಹನ್ನೆರಡು ಪದಗಳ ಕಾಗದ

"ಇದನ್ನ ಯಾರ್ ಯಾರು ಅಳಿಸಬಹುದು?" ಎಂದು ಪ್ರಭುರಾಜ ಮೂರನೇ ಸಲ ಕೇಳಿದಾಗ ದಾನೇಶ್ವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ಫೋನನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಿದ್ದ.

ಗಂಗಾವತಿಯಲ್ಲಿ ಅವಳದೊಂದು ಪುಟ್ಟ ಆನ್‌ಲೈನ್ ಸೆಂಟರ್. ಪಹಣಿ, ಆಧಾರ್ ಎಂದು ಬರುವವರೇ ಎಲ್ಲ. ಹಾಡಹಗಲೇ ಬಾಗಿಲು ಹಾಕಿಸಿ ಕುಳಿತವನು ಇವನೊಬ್ಬನೇ. ಅಕ್ಕಿ ಗಿರಣಿಯ ಸೂಪರ್‌ವೈಸರ್. ಹತ್ತು ದಿನದ ಹಿಂದೆ ಆ ಗಿರಣಿಯ ಬಾಯ್ಲರ್ ಸಿಡಿದು ರಾಮಾಂಜನೇಯ ಎಂಬ ಹಮಾಲ ಸತ್ತಿದ್ದ. ಉಗಿ ಪೋಲಾಗದೆ ಭತ್ತ ಬೇಗ ಬೇಯಲೆಂದು ಯಾರೋ ಹೆಚ್ಚಿನ ಉಗಿ ಹೊರಬಿಡುವ ವಾಲ್ವಿಗೆ ತಂತಿ ಬಿಗಿದಿದ್ದರು. ಪೊಲೀಸರು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಹೊಳಿಯಪ್ಪನನ್ನು ಒಳಗೆ ಹಾಕಿದರು. ತಾನಲ್ಲ ಎಂದು ಅವನು ಅತ್ತರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಿರಣಿಯ ಕ್ಯಾಮೆರಾ ಸುಟ್ಟುಹೋಗಿತ್ತು. ಆದರೆ ಅದು ಕಂಡ ದೃಶ್ಯ ಒಂದು ಕಂಪನಿಯ ಕ್ಲೌಡ್‌ನಲ್ಲಿ, ಪ್ರಭುರಾಜನ ಖಾತೆಯಲ್ಲಿ ಉಳಿದಿತ್ತು.

"ಕಂಪನೀದು ಅಂದ್ರ ಬಾಡಗಿ ಗೋದಾಮಿದ್ದಂಗ್ರಿ, ಅಣ್ಣಾ. ಪಾಸ್‌ವರ್ಡ್ ಮರತ್ರ ಹೊಸಾದು ಕೊಡ್ತಾರ. ಆದ್ರ ಪಾಸ್‌ವರ್ಡ್ ಗೊತ್ತಿದ್ದಾಂವ ಒಂದು ಬಟನ್ ಒತ್ತಿದ್ರ ಮುಗೀತು," ಎಂದಳು ದಾನೇಶ್ವರಿ.

"ಗೊತ್ತೈತಿ ಅವಗ," ಎಂದ ಪ್ರಭುರಾಜ. "ನಾ ಒಬ್ಬನಿಗೇ ಹೆದರೇನಿ. ಅವನ ಕೈಗೆ ಇದು ಸಿಗಬಾರ್ದು."

ಯಾರೆಂದು ದಾನೇಶ್ವರಿ ಕೇಳಲಿಲ್ಲ. ಗಿರಣಿಯ ಮಾಲೀಕರನ್ನು ಊರಿಗೆ ಪರಿಚಯಿಸಬೇಕೇ? ಬಾಗಿಲ ಚಿಲಕ ಮತ್ತೊಮ್ಮೆ ನೋಡಿ ಬಂದಳು.

ಇನ್ನೊಂದು ಬಗೆಯ ಕ್ಲೌಡ್ ಇದೆ ಎಂದು ತಿಳಿಸಿದಳು. ಅದಕ್ಕೆ ಒಡೆಯನೆಂಬವನಿಲ್ಲ. ವಿಡಿಯೋಗೆ ಬೀಗ ಹಾಕಿ, ಚೂರು ಚೂರು ಮಾಡಿ, ಗುರುತು ಪರಿಚಯವಿಲ್ಲದ ನೂರಾರು ಜನರ ಕಂಪ್ಯೂಟರುಗಳಿಗೆ ಹಂಚುತ್ತಾರೆ. ತೆರೆಯಲಿಕ್ಕೂ ಅಳಿಸಲಿಕ್ಕೂ ಹನ್ನೆರಡು ಪದಗಳು ಬೇಕು. ಅವು ಕಳೆದುಹೋದರೆ ಯಾರ ಕಾಲಿಗೆ ಬಿದ್ದರೂ ಸಿಗುವುದಿಲ್ಲ.

"ಅದೇ ಛಲೋ," ಎಂದ. "ಆ ಪದ ನನಗ ತೋರಿಸಬ್ಯಾಡ, ತಂಗಿ. ಹೊಳಿಯಪ್ಪನ ಹೇಣ್ತಿ ಹೊರಗ ನಿಂತಾಳ, ಆಕಿಗೆ ಕೊಡು. ವಿಡಿಯೋ ನೀನೂ ನೋಡಬ್ಯಾಡ."

ಅವಳು ವಿಡಿಯೋ ಅಲ್ಲಿಗೆ ಏರಿಸಿ ಪದಗಳನ್ನು ಬರೆಯುವಷ್ಟು ಹೊತ್ತೂ ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ. ಹಿಡಿದು ಬಡಿದರೂ ಬಾಯಿಂದ ಏನೂ ಬೀಳದಿರಲಿ ಎಂಬ ಮುಂಜಾಗ್ರತೆ ಎಂದುಕೊಂಡು ದಾನೇಶ್ವರಿ ಮರುಗಿದಳು. ಹೊಳಿಯಪ್ಪನ ಹೆಂಡತಿ ದುರಗಮ್ಮ ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡು ವಕೀಲರ ಮನೆಗೆ ಓಡಿದಳು. ದಾನೇಶ್ವರಿ ತನ್ನ ಹತ್ತಿರ ನಕಲು ಇಟ್ಟುಕೊಳ್ಳಲಿಲ್ಲ. ಅವಳಿಗೂ ಜೀವದ ಮೇಲೆ ಆಸೆಯಿತ್ತು.

ಒಂದೇ ತಾಸಿನಲ್ಲಿ ಪ್ರಭುರಾಜ ಮರಳಿ ಬಂದ. ಕಂಪನಿಯ ಕ್ಲೌಡ್‌ನಲ್ಲಿದ್ದದ್ದು ಹೋಯಿತೆಂದ. ಇದನ್ನೂ ಅಳಿಸು, ಹೇಗಾದರೂ ಅಳಿಸು ಎಂದು ಕೈಮುಗಿದ. ಪದಗಳಿಲ್ಲದೆ ತನ್ನಿಂದಾಗದು ಎಂದಳು. ಅವನು ಕುರ್ಚಿಗೆ ಕುಸಿದ.

"ಅವ ಬಂದಾನೇನ್ರಿ?" ಎಂದು ಪಿಸುಗುಟ್ಟಿದಳು.

"ಬಂದಾನ."

ದಾನೇಶ್ವರಿ ಹೆದರುತ್ತಲೇ ಹೊರಗೆ ಇಣುಕಿದಳು. ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಫೋನು ಬಂತು. ವಕೀಲರು ವಿಡಿಯೋ ತೆರೆದರು, ಗಂಡ ಬಿಡುಗಡೆಯಾಗುತ್ತಾನಂತೆ ಎಂದು ದುರಗಮ್ಮ ಅಳುತ್ತಿದ್ದಳು.

"ತಂತಿ ಬಿಗದಾಂವ ಪ್ರಭುರಾಜಣ್ಣ, ಅಕ್ಕಾ."