ಸಾಹೇಬರ ಸೊಂಟಕ್ಕೆ ಮಗನ ನೋವು

ಸೈನಿಕರ ಮೇಲ್ಮನವಿಯನ್ನು ಈಗ ಕಾಗದ ನೋಡಿ ತೀರ್ಮಾನಿಸುವುದಿಲ್ಲ. ಸಾಹೇಬರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡರೆ ಅರ್ಜಿದಾರನ ನೋವು ಅವರ ಮೈಗೆ ಬರುತ್ತದೆ. ಬಿಚ್ಚಿದರೆ ವಾಪಸ್ಸು ಹೋಗುತ್ತದೆ.

ಅಂದು ನನ್ನ ಮಗ ಫಕೀರಪ್ಪನ ಸರದಿ. ಹಿಮದ ಬೆಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡವನ ಪಿಂಚಣಿಗೆ ಇದೇ ಕೊನೆಯ ಅವಕಾಶ.

ಕರ್ನಲ್ ಸಾಹೇಬರು ಪಟ್ಟಿ ಬಿಗಿದುಕೊಂಡರು.

"ಏನೂ ನೋವೇ ಇಲ್ಲವಲ್ಲಮ್ಮ," ಎನ್ನುತ್ತ ತಿರಸ್ಕಾರದ ಮುದ್ರೆ ಎತ್ತಿಕೊಂಡರು.

"ಆನಿ ಸೈತ ಅಡ್ಡ ಬೀಳೋ ನೋವು ಐತ್ರೀ!" ಎಂದು ಮಗನತ್ತ ತಿರುಗಿದೆ. ಎದೆಯುಬ್ಬಿಸಿ, ಸಾವಧಾನ್‌ನಲ್ಲಿ ಕಂಬದಂತೆ ನಿಂತಿದ್ದ. ಮೇಲಧಿಕಾರಿಯ ಮುಂದೆ ನೋವು ನುಂಗುವುದನ್ನು ಪಲ್ಟನ್ ಅವನಿಗೆ ಕಲಿಸಿತ್ತು.

"ಅಂವಾ ನಿಮ್ಮನ್ನ ನೋಡಿ ನೋವು ಬಿಗಿಹಿಡದಾನ್ರೀ. ಹಡದವ್ವನ ಮಾತು ಎಲ್ಲಿ ಕೇಳ್ತಾನ? ನೀವ ಹುಕುಂ ಕೊಡ್ರಿ."

ಮುದ್ರೆ ಕಾಗದ ಮುಟ್ಟುವ ಮೊದಲೇ ತಡೆದು ನಿಂತಿತು.

"ವಿಶ್ರಾಮ್!" ಎಂದರು ಸಾಹೇಬರು.

ಮಗ ಮೈ ಸಡಿಲಬಿಟ್ಟ. ಸಾಹೇಬರು ಚೀರಿ, ಮೇಜು ತಬ್ಬಿಕೊಂಡು ಕುಸಿದರು. ಬಿಳಚಿದ ತುಟಿಯಲ್ಲೇ "ಮಂಜೂರು" ಎಂದು ಪಟ್ಟಿ ಬಿಚ್ಚಲು ಕೈಹಾಕಿದರು.

ಅಷ್ಟರಲ್ಲಿ ಮಗ ಬೆಂಚಿಗೊರಗಿ, ಕಿಟಕಿಯ ಗಾಜೆಲ್ಲ ನಡುಗುವಂತೆ ಗೊರಕೆ ಹೊಡೆಯುತ್ತಿದ್ದ.

"ತಡೀರಿ ಸಾಹೇಬ್ರ," ಎಂದೆ ಮೆಲ್ಲಗೆ. "ಎಷ್ಟೋ ವರ್ಷಕ್ಕ ಕಣ್ಣಿಗೆ ನಿದ್ದಿ ಹತ್ತೇತಿ. ಇನ್ನೊಂಚೂರು ನೀವ ಇಟ್ಕೋರಿ."